ತಪ್ಪಿನ ಲೆಕ್ಕ ಯಾರ ಪುಸ್ತಕದಲ್ಲಿ?

ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಷ್ಟು ವರ್ಷ ದುಡಿದರೂ ನಾನು ಸಾಫ್ಟ್‌ವೇರ್ ಬರೆದದ್ದು ಕಡಿಮೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಎಷ್ಟಿದೆ, ಎಲ್ಲಿದೆ, ಯಾವಾಗ ನುಸುಳಿತು, ಯಾವಾಗ ಸಿಕ್ಕಿತು ಎಂದು ಲೆಕ್ಕ ಇಡುವುದೇ ನನ್ನ ಕಸುಬು. ಕಂಪನಿಯ ಕಾಗದಪತ್ರಗಳಲ್ಲಿ ನಮ್ಮ ವಿಭಾಗಕ್ಕೆ ಉದ್ದುದ್ದ ಹೆಸರುಗಳಿದ್ದವು. ಕ್ಯಾಂಟೀನಿನಲ್ಲಿ ಮಾತ್ರ ನಾವು ‘ಕ್ವಾಲಿಟಿಯವರು’. ನಾವು ಟ್ರೇ ಹಿಡಿದು ಬಂದರೆ ಮೇಜಿನ ಮೇಲಿನ ಮಾತು ಕ್ರಿಕೆಟ್ಟಿಗೆ ಹೊರಳುತ್ತಿತ್ತು. ತಿಪಟೂರಿನಲ್ಲಿ ನಮ್ಮ ದೊಡ್ಡಮ್ಮ ಒಮ್ಮೆ ಕೇಳಿದರು: “ಅಂದ್ರೆ ನೀನು ಇನ್‌ಸ್ಪೆಕ್ಟರಾ?” ಹೂಂ ಅಂದುಬಿಟ್ಟೆ.

ಅವರಿಗೆ ಬಿಡಿಸಿ ಹೇಳುವುದು ಕಷ್ಟವಿತ್ತು. ಸಾಫ್ಟ್‌ವೇರಿಗೆ ತೂಕವಿಲ್ಲ, ಉದ್ದಗಲವಿಲ್ಲ. ಬಳಸಿ ಬಳಸಿ ಸವೆಯುವುದಿಲ್ಲ, ಇಟ್ಟಲ್ಲೇ ತುಕ್ಕು ಹಿಡಿಯುವುದಿಲ್ಲ. ಅದರಲ್ಲಿ ತಪ್ಪೊಂದು ಇದ್ದರೆ ಬರೆದ ದಿನದಿಂದಲೂ ಇರುತ್ತದೆ; ಯಾರಾದರೂ ಆ ಜಾಗಕ್ಕೆ ಬಂದು ತಾಗುವ ತನಕ ಸುಮ್ಮನಿರುತ್ತದೆ. ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೆಯ ವರ್ಷ ಮೇಲೇಳುವ ತಪ್ಪುಗಳೂ ಇವೆ. ಇಂಥ ಪದಾರ್ಥವನ್ನು ‘ಚೆನ್ನಾಗಿದೆ’ ಎಂದು ಯಾವ ಆಧಾರದ ಮೇಲೆ ಹೇಳುವುದು? ಅರ್ಧ ಶತಮಾನದಿಂದ ಜನ ಇದಕ್ಕೆ ಅಳತೆಗೋಲು ಹುಡುಕುತ್ತಲೇ ಇದ್ದಾರೆ. ಕೆಲವು ಸಿಕ್ಕಿವೆ, ಅವುಗಳಲ್ಲಿ ಒಂದೆರಡು ನಿಜಕ್ಕೂ ಜಾಣತನದವು. ಆದರೆ ಒಂದೇ ಅಳತೆ ಒಂದು ಕಡೆ ಕೆಲಸಕ್ಕೆ ಬಂದು, ಇನ್ನೊಂದು ಕಡೆ ಕೆಟ್ಟು ಕೂತದ್ದನ್ನು ನಾನು ನೋಡಿದ್ದೇನೆ. ವ್ಯತ್ಯಾಸ ಅಳತೆಯಲ್ಲಿರಲಿಲ್ಲ, ಆ ಅಂಕಿ ಯಾರ ಕೈಗೆ ಹೋಗುತ್ತಿತ್ತು ಎಂಬುದರಲ್ಲಿತ್ತು.

ಎಣಿಸಲು ಮೊದಲು ಕೈಗೆ ಸಿಕ್ಕಿದ್ದು ಸಾಲುಗಳು. ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ಬರೆದ ಆದೇಶಗಳ ಸಾಲು ಸಾಲು ತಾನೆ? ಸಾವಿರ ಸಾಲಿಗೆ ನಮ್ಮಲ್ಲಿ ‘ಕೆ-ಲಾಕ್’ ಅನ್ನುತ್ತಾರೆ. 1980ರ ದಶಕದಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿಕೊಂಡು ಓಎಸ್/2 ಎಂಬ ವ್ಯವಸ್ಥೆ ಕಟ್ಟುತ್ತಿದ್ದಾಗ ಐಬಿಎಂನವರು ಎಲ್ಲವನ್ನೂ ಕೆ-ಲಾಕ್‌ನಲ್ಲೇ ಅಳೆಯುತ್ತಿದ್ದರಂತೆ. ಕಡಿಮೆ ಸಾಲಿನಲ್ಲಿ ಅದೇ ಕೆಲಸ ಮುಗಿಸಿದವನಿಗೆ ಕಡಿಮೆ ದುಡ್ಡು ಯಾಕೆ ಎಂಬುದು ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಅವರ ತಕರಾರು. 1996ರ ಒಂದು ಟಿವಿ ಸಾಕ್ಷ್ಯಚಿತ್ರದಲ್ಲಿ ಅವರು ಅದನ್ನು ಹೇಳುವಾಗ ಸಿಟ್ಟು ಇನ್ನೂ ಆರಿರಲಿಲ್ಲ.

ಈ ವಿಷಯದಲ್ಲಿ ನನಗೆ ಪ್ರಿಯವಾದ ಕಥೆ ಆಪಲ್ ಕಂಪನಿಯದು. 1982ರ ಆರಂಭದಲ್ಲಿ ಲೀಸಾ ಎಂಬ ಕಂಪ್ಯೂಟರಿನ ತಂಡದ ಮ್ಯಾನೇಜರುಗಳು ಪ್ರತಿ ವಾರ ಎಷ್ಟು ಸಾಲು ಬರೆದಿರಿ ಎಂದು ಫಾರಂ ತುಂಬಿಸಿಕೊಳ್ಳಲು ಶುರುಮಾಡಿದರು. ಬಿಲ್ ಅಟ್ಕಿನ್‌ಸನ್ ಆ ವಾರ ಪರದೆಯ ಮೇಲೆ ಆಕಾರಗಳನ್ನು ಬಿಡಿಸುವ ಭಾಗವನ್ನು ಬುಡದಿಂದ ತಿದ್ದಿ ಬರೆದಿದ್ದರು. ಅದು ಮೊದಲಿಗಿಂತ ಸುಮಾರು 6 ಪಟ್ಟು ವೇಗವಾಗಿ ಓಡಿತು. ಜೊತೆಗೆ ಹಳೆಯದರಲ್ಲಿ ಸುಮಾರು 2000 ಸಾಲು ಬೇಡವಾದವು. ಫಾರಂ ಬಂದಾಗ ಅವರು ಸಾಲುಗಳ ಖಾನೆಯಲ್ಲಿ ಮೈನಸ್ 2000 ಎಂದು ಬರೆದರು. ಕೆಲವು ವಾರಗಳ ನಂತರ ಅವರಿಂದ ಫಾರಂ ಕೇಳುವುದನ್ನೇ ನಿಲ್ಲಿಸಿದರು ಎಂದು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ. ಸಾಲೆಣಿಕೆ ಅಲ್ಲಿಗೆ ಸತ್ತಿರಬೇಕಿತ್ತು, ಸಾಯಲಿಲ್ಲ. 2024ರ ಅಕ್ಟೋಬರಿನಲ್ಲಿ ಗೂಗಲ್‌ನ ಸುಂದರ್ ಪಿಚೈ, ತಮ್ಮಲ್ಲಿ ಹೊಸದಾಗಿ ಬರೆಯುವ ಕೋಡಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸುತ್ತಾರೆ ಎಂದರು. ಪತ್ರಿಕೆಗಳೆಲ್ಲ ತಲೆಬರಹ ಕೊಟ್ಟವು. ಓದಿದಾಗ ನನಗೆ ನಗು ಬಂತು: ಎಷ್ಟು ಬರೆಯಿತು ಎಂಬ ಲೆಕ್ಕ ಹೇಳಿದರು, ಎಷ್ಟು ಅಳಿಸಿತು ಎಂದು ಯಾರೂ ಕೇಳಲಿಲ್ಲ.

ಉದ್ದಕ್ಕಿಂತ ಉಪಯುಕ್ತವಾದ ಅಳತೆ ಸಿಕ್ಕು. 1976ರಲ್ಲಿ ಅಮೆರಿಕದ ಥಾಮಸ್ ಮೆಕೇಬ್ ಒಂದು ಸರಳ ಎಣಿಕೆ ಕೊಟ್ಟರು: ಪ್ರೋಗ್ರಾಂ ಎಷ್ಟು ಕಡೆ ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಕವಲೊಡೆಯುತ್ತದೆ ಎಂದು ಎಣಿಸಿ, ಒಂದು ಕೂಡಿಸಿ. ನಮ್ಮ ಬಸ್ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷೀನನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಅದರೊಳಗಿನ ಪ್ರೋಗ್ರಾಂ ಏನೇನು ಕೇಳಿಕೊಳ್ಳಬೇಕು? ಇದು ಮಾಮೂಲಿ ಬಸ್ಸೋ ಐಷಾರಾಮಿ ಬಸ್ಸೋ? ಪ್ರಯಾಣಿಕರು ಮಹಿಳೆಯೇ? ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದೆಯೇ? ಅರ್ಧ ಟಿಕೆಟ್ಟಿನ ಮಗುವೇ? ನಿಜವಾದ ಮಷೀನಿನಲ್ಲಿ ಇನ್ನೂ ಇರುತ್ತವೆ; ಈ ನಾಲ್ಕನ್ನೇ ಹಿಡಿದರೂ ನಾಲ್ಕಕ್ಕೆ ಒಂದು ಸೇರಿ ಐದು. ಅಂದರೆ ಕಡಿಮೆಯೆಂದರೂ ಐದು ದಾರಿಗಳಲ್ಲಿ ಅದನ್ನು ನಡೆಸಿ ನೋಡಬೇಕು. ಈ ಸಂಖ್ಯೆ ಹತ್ತು ದಾಟಿದರೆ ತುಂಡು ಮಾಡಿ ಎಂದರು ಮೆಕೇಬ್. ಐವತ್ತು ದಾಟಿದ ಕೋಡನ್ನು ಬ್ಯಾಂಕಿನ ಪ್ರಾಜೆಕ್ಟೊಂದರಲ್ಲಿ ನಾನೇ ಕಂಡಿದ್ದೇನೆ. ಅದನ್ನು ಮುಟ್ಟಲು ಹೊಸಬರು ಹೆದರುತ್ತಿದ್ದರು. ಹಳಬರು ಇನ್ನೂ ಹೆಚ್ಚು ಹೆದರುತ್ತಿದ್ದರು.

ಹೀಗೆ ಟೆಸ್ಟ್ ಮಾಡುವಾಗ ಕೋಡಿನ ಎಷ್ಟು ಭಾಗ ಒಮ್ಮೆಯಾದರೂ ಓಡಿತು ಎಂಬುದಕ್ಕೂ ಲೆಕ್ಕವಿದೆ, ‘ಕವರೇಜ್’ ಎನ್ನುತ್ತಾರೆ. ಇದು ನೂರಕ್ಕೆ ನೂರು ಇದ್ದರೆ ಮೀಟಿಂಗಿನಲ್ಲಿ ಚಪ್ಪಾಳೆ. ನಾನು ಅಂಥ ಕಡೆ ಒಂದು ಹೆಸರು ಟೈಪ್ ಮಾಡಿ ನೋಡುತ್ತೇನೆ: ಕೃಷ್ಣಪ್ಪ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್ ಇಟ್ಟುಕೊಳ್ಳುವ ಯೂನಿಕೋಡ್ ಲೆಕ್ಕದಲ್ಲಿ ಅದು ಕ, ಋ ಸ್ವರದ ಚಿಹ್ನೆ, ಷ, ಹಲಂತ, ಣ, ಪ, ಹಲಂತ, ಪ ಎಂದು ಎಂಟು ಸಂಕೇತ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 24. ಹೆಸರಿಗೆ 20 ಬೈಟ್ ಸಾಕು ಎಂದು ಜಾಗ ಕೊಟ್ಟಿದ್ದರೆ ಕೃಷ್ಣಪ್ಪನವರು ಒತ್ತಕ್ಷರ ಕಳೆದುಕೊಂಡು ‘ಕೃಷ್ಣಪ’ ಆಗಿ, ಕೊನೆಗೊಂದು ಪ್ರಶ್ನೆಚಿಹ್ನೆ ಅಂಟಿಸಿಕೊಂಡು ಹೊರಬರುತ್ತಾರೆ. ಟೆಸ್ಟ್ ಮಾಡಿದವರು ಇಂಗ್ಲಿಷಿನಲ್ಲಿ ನಾಲ್ಕಕ್ಷರದ ಹೆಸರು ಹಾಕಿದ್ದರು. ಕೋಡಿನ ಪ್ರತಿ ಸಾಲೂ ಓಡಿತ್ತು, ಕವರೇಜ್ 100. ಯಾವ ಸಾಲು ಓಡಿತು ಎಂದು ಈ ಅಳತೆ ಹೇಳುತ್ತದೆ. ಅಲ್ಲಿ ಯಾರನ್ನು ಓಡಿಸಿದಿರಿ ಎಂದು ಹೇಳುವುದಿಲ್ಲ.

ಇನ್ನು ತಪ್ಪುಗಳನ್ನೇ ಎಣಿಸೋಣವೆಂದರೆ ಅಲ್ಲಿ ಬೇರೆ ತೊಡಕು. ಒಂದು ಪ್ರಾಜೆಕ್ಟಿನಲ್ಲಿ 400 ಬಗ್ ಸಿಕ್ಕಿದವು, ಇನ್ನೊಂದರಲ್ಲಿ 40. ಯಾವುದು ಒಳ್ಳೆಯದು? ಎರಡನೆಯದು ಅನ್ನುತ್ತೀರಿ. ಅಲ್ಲಿ ಸರಿಯಾಗಿ ಹುಡುಕದೆ ಇದ್ದಿದ್ದರೆ? ಸಿಕ್ಕ ಬಗ್‌ಗಳ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಬೇಕಿರುವುದು ಸಿಗದೆ ಉಳಿದವುಗಳ ಲೆಕ್ಕ.

ಅದಕ್ಕೆ ಐಬಿಎಂನ ಹಾರ್ಲನ್ ಮಿಲ್ಸ್ 1970ರ ದಶಕದಲ್ಲಿ ಒಂದು ಉಪಾಯ ಹೇಳಿದರು. ಕೆರೆಯಲ್ಲಿ ಎಷ್ಟು ಮೀನಿದೆ ಎಂದು ನೀರು ಬತ್ತಿಸದೆ ತಿಳಿಯುವುದು ಹೇಗೆ? 50 ಮೀನು ಹಿಡಿದು ರೆಕ್ಕೆಗೆ ಗುರುತು ಹಾಕಿ ಬಿಡಿ. ಅವು ಬೆರೆತ ಮೇಲೆ ಮತ್ತೆ ಬಲೆ ಹಾಕಿ. ಬಂದ 50ರಲ್ಲಿ 10ಕ್ಕೆ ಗುರುತಿದ್ದರೆ, ಐದರಲ್ಲಿ ಒಂದು ನಿಮ್ಮದು. ಕೆರೆಯಲ್ಲಿ ಸುಮಾರು 250 ಮೀನು. ಪ್ರಾಣಿಶಾಸ್ತ್ರದವರಿಗೆ ಇದು ಹಳೆಯ ಲೆಕ್ಕ. ಮಿಲ್ಸ್ ಇದನ್ನೇ ಬಗ್‌ಗೆ ಹಚ್ಚಿದರು. ಬೇಕೆಂದೇ 20 ತಪ್ಪುಗಳನ್ನು ಕೋಡಿನಲ್ಲಿ ಅಡಗಿಸಿಡಿ, ಟೆಸ್ಟರುಗಳಿಗೆ ಹೇಳಬೇಡಿ. ಅವರು ಆ 20ರಲ್ಲಿ 10 ಹುಡುಕಿ, ಜೊತೆಗೆ 30 ಅಸಲಿ ತಪ್ಪು ಹುಡುಕಿದರೆ, ಅಸಲಿಯಲ್ಲೂ ಅರ್ಧವೇ ಸಿಕ್ಕಿರಬೇಕು. ಇನ್ನೂ 30 ಒಳಗೇ ಇವೆ. ಸೊಗಸಾದ ಉಪಾಯ. ನಾವು ಅಡಗಿಸುವ ತಪ್ಪು ಅಸಲಿ ತಪ್ಪಿನಷ್ಟು ಚಾಲಾಕಿಯಾಗಿರುವುದಿಲ್ಲ ಎಂಬುದೊಂದು ಕುಂದು. ರಿಲೀಸಿಗೆ ಮುಂಚೆ ಅಡಗಿಸಿದ್ದನ್ನೆಲ್ಲ ನೆನಪಿಟ್ಟು ತೆಗೆಯಬೇಕು ಎಂಬುದು ಇನ್ನೊಂದು.

ನಾನು ಬಳಸುವುದು ಇದರ ತಮ್ಮನನ್ನು. ಇಬ್ಬರಿಗೆ ಒಂದೇ ಕೋಡನ್ನು ಬೇರೆ ಬೇರೆಯಾಗಿ ಓದಲು ಕೊಡುವುದು. ಒಬ್ಬರಿಗೆ 12 ತಪ್ಪು ಸಿಕ್ಕವು, ಇನ್ನೊಬ್ಬರಿಗೆ 10, ಇಬ್ಬರಿಗೂ ಸಿಕ್ಕ ಸಮಾನ ತಪ್ಪು 6 ಎಂದಿಟ್ಟುಕೊಳ್ಳಿ. ಹನ್ನೆರಡನ್ನು ಹತ್ತರಿಂದ ಗುಣಿಸಿ ಆರರಿಂದ ಭಾಗಿಸಿದರೆ 20. ಇಬ್ಬರೂ ಸೇರಿ ಹುಡುಕಿದ್ದು 16. ಸುಮಾರು ನಾಲ್ಕು ಉಳಿದಿವೆ ಎಂದು ಅಂದಾಜು. ಇದು ನಡೆಯಬೇಕಾದರೆ ಇಬ್ಬರೂ ಪ್ರಾಮಾಣಿಕವಾಗಿ ಬರೆಯಬೇಕು. ಊಟದ ಹೊತ್ತಿನಲ್ಲಿ ಪಟ್ಟಿ ತಾಳೆ ನೋಡಿಕೊಳ್ಳಬಾರದು. ಗಣಿತ ಐದನೇ ತರಗತಿಯದು. ಕಷ್ಟದ್ದು ಈ ಕೊನೆಯ ಷರತ್ತು.

ಯಾಕೆ ಕಷ್ಟ ಎಂದು ಹೇಳುತ್ತೇನೆ. ನಾನು ಕೆಲಸಕ್ಕಿದ್ದ ಒಂದು ಕಡೆ ಅತಿ ಹೆಚ್ಚು ಬಗ್ ಹುಡುಕಿದ ಟೆಸ್ಟರಿಗೆ ಪ್ರತಿ ತಿಂಗಳು ಗಿಫ್ಟ್ ಕೂಪನ್ ಕೊಡುವ ಪದ್ಧತಿ ಬಂತು. ಆವರೆಗೆ ‘ದಿನಾಂಕದ ಕ್ರಮ ಎಲ್ಲ ಪುಟದಲ್ಲೂ ತಪ್ಪಿದೆ’ ಎಂದು ಒಂದೇ ಬಗ್ ದಾಖಲಾಗುತ್ತಿದ್ದದ್ದು ಪುಟಕ್ಕೊಂದರಂತೆ ಹೋಳಾಗತೊಡಗಿತು. ಕಾಗುಣಿತ ದೋಷಗಳಿಗೆ ಸುಗ್ಗಿ. ನಾಲ್ಕು ದಿನ ಕೂತು, ಎರಡು ಜನ ಒಂದೇ ಕ್ಷಣದಲ್ಲಿ ಒಂದೇ ಖಾತೆಯನ್ನು ತೆರೆದರೆ ಹಣ ಎರಡು ಸಲ ಕಳೆಯುತ್ತದೆ ಎಂಬುದನ್ನು ಪತ್ತೆಹಚ್ಚಿದ ಹುಡುಗಿಗೆ ಆ ತಿಂಗಳು ಸಿಕ್ಕಿದ್ದು ಒಂದೇ ಅಂಕ. ಡೆವಲಪರುಗಳೂ ಸುಮ್ಮನಿರಲಿಲ್ಲ. ಅವರ ಅಪ್ರೈಸಲಿಗೆ ಬಗ್ ಸಂಖ್ಯೆ ಸೇರಿದ್ದರಿಂದ ಪ್ರತಿ ಬಗ್‌ಗೂ ‘ಇದು ಬಗ್ ಅಲ್ಲ, ಕ್ಲೈಂಟ್ ಕೇಳಿದ್ದೇ ಹೀಗೆ’ ಎಂಬ ಉತ್ತರ ಸಿದ್ಧವಿರುತ್ತಿತ್ತು. ರಿಲೀಸ್ ಹೊತ್ತಿಗೆ ಅತಿ ಗಂಭೀರ ದರ್ಜೆಯ, ಅಂದರೆ ‘ಸೆವ್-ಒನ್’ ಬಗ್ ಒಂದೂ ಇರಬಾರದೆಂಬ ನಿಯಮ ಬೇರೆ. ಆ ವಾರದ ಬಗ್ ಮೀಟಿಂಗಿನ ಮಾತು ಹೀಗೆ:

“ಮೇಡಂ, ಇದು ಸೆವ್-ಒನ್ ಅಲ್ಲ, ಸೆವ್-ಟೂ. ಇನ್ನೊಂದ್ಸಲ ಲಾಗಿನ್ ಆದ್ರೆ ಸರಿಹೋಗತ್ತೆ.”

“ಅವರು ಅಲ್ಲೀವರೆಗೆ ತುಂಬಿದ್ದೆಲ್ಲ ಹೋಗತ್ತಲ್ಲಪ್ಪಾ?”

“ಮತ್ತೆ ತುಂಬ್ತಾರೆ ಬಿಡಿ. ಪ್ಲೀಸ್ ಮೇಡಂ, ಸೋಮವಾರ ಅಪ್ರೈಸಲ್ ಇದೆ.”

ಗುರುವಾರ ಸಂಜೆಗೆ ಸೆವ್-ಒನ್ ಸೊನ್ನೆಗೆ ಬಂದಿತ್ತು. ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಅಳತೆಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬುದಕ್ಕೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನ ನಿಯಮವೇ ಇದೆ. ಅವರು 1975ರಲ್ಲಿ ಮಾತಾಡಿದ್ದು ಹಣಕಾಸು ನೀತಿಯ ಬಗ್ಗೆ. ನಮ್ಮ ಬಗ್ ಮೀಟಿಂಗನ್ನು ನೋಡಿದ್ದರೆ ಅವರಿಗೆ ಇನ್ನೊಂದು ಉದಾಹರಣೆ ಪುಕ್ಕಟೆ ಸಿಗುತ್ತಿತ್ತು.

ಬೆಂಗಳೂರಿನಲ್ಲಿ ಇದನ್ನೆಲ್ಲ ಬರೆಯುವಾಗ ‘ಲೆವೆಲ್ ಫೈವ್’ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1990ರ ದಶಕದ ಕೊನೆಯಲ್ಲಿ ಈ ಊರಿನ ಹೋರ್ಡಿಂಗುಗಳ ಮೇಲೆ, ಕಂಪನಿಗಳ ವಿಸಿಟಿಂಗ್ ಕಾರ್ಡುಗಳ ಮೇಲೆ ಇದ್ದ ಮಾತದು. ಅದರ ಬೇರು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದೆ. ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ರಕ್ಷಣಾ ಇಲಾಖೆಯ ಹಣದಿಂದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಸಾಫ್ಟ್‌ವೇರ್ ಗುತ್ತಿಗೆ ಕೊಡುವ ಮುಂಚೆ ಕಂಪನಿಯ ಯೋಗ್ಯತೆ ಅಳೆಯುವುದು ಹೇಗೆಂದು ಅಮೆರಿಕದ ವಾಯುಪಡೆ ಕೇಳಿತು. ಐಬಿಎಂನಲ್ಲಿ 27 ವರ್ಷ ಕಳೆದು ಅಲ್ಲಿಗೆ ಬಂದಿದ್ದ ವಾಟ್ಸ್ ಹಂಫ್ರಿ ಅದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು. ಅವರ ಯೋಚನೆಯಿಂದ ಬೆಳೆದದ್ದೇ 1991ರಲ್ಲಿ ಹೊರಬಂದ ಸಿಎಂಎಂ ಎಂಬ ಐದು ಹಂತಗಳ ಚೌಕಟ್ಟು.

ಮೊದಲ ಹಂತದ ಕಂಪನಿಯಲ್ಲಿ ಕೆಲಸ ನಡೆಯುವುದು ಒಬ್ಬಿಬ್ಬರು ಘಟಾನುಘಟಿಗಳ ರಾತ್ರಿ ನಿದ್ದೆಗೇಡಿನಿಂದ. ಅವರು ರಜೆ ಹೋದರೆ ಪ್ರಾಜೆಕ್ಟೂ ರಜೆ. ಎರಡನೆಯದರಲ್ಲಿ ಯೋಜನೆ, ವೇಳಾಪಟ್ಟಿ ಅಂತ ಇದ್ದು ಒಮ್ಮೆ ಮಾಡಿದ್ದನ್ನು ಮತ್ತೊಮ್ಮೆ ಮಾಡಬಲ್ಲರು. ಮೂರನೆಯದರಲ್ಲಿ ಆ ಕ್ರಮ ಇಡೀ ಕಂಪನಿಗೆ ಒಂದೇ ಆಗಿ ಬರಹಕ್ಕಿಳಿದಿರುತ್ತದೆ. ನಾಲ್ಕರಲ್ಲಿ ಅಂಕಿ-ಅಂಶ ಬರುತ್ತದೆ: ಯಾವ ಘಟ್ಟದಲ್ಲಿ ಎಷ್ಟು ತಪ್ಪು ನುಸುಳುತ್ತದೆ, ಎಷ್ಟು ಸಿಗುತ್ತದೆ ಎಂದು ಮುಂಚೆಯೇ ಹೇಳಬಲ್ಲರು. ಐದರಲ್ಲಿ ಆ ಅಂಕಿ ನೋಡಿ ಕ್ರಮವನ್ನೇ ತಿದ್ದಿಕೊಳ್ಳುತ್ತಾರೆ.

ಐದನೇ ಹಂತಕ್ಕೆ ಮೊದಲು ಏರಿದ್ದು ಹ್ಯೂಸ್ಟನ್ನಿನಲ್ಲಿ ಬಾಹ್ಯಾಕಾಶ ಶಟಲ್‌ನ ಸಾಫ್ಟ್‌ವೇರ್ ಬರೆಯುತ್ತಿದ್ದ ತಂಡ. 1996ರ ಹೊತ್ತಿಗೆ ಅಲ್ಲಿ 260 ಜನ, ಸುಮಾರು 4,20,000 ಸಾಲಿನ ಪ್ರೋಗ್ರಾಂ, ಮತ್ತು ಅದರ ಕೊನೆಯ ಮೂರು ಆವೃತ್ತಿಗಳಲ್ಲಿ ಸಿಕ್ಕ ತಪ್ಪು ತಲಾ ಒಂದು. ಒಂದು ತಪ್ಪು ಸಿಕ್ಕರೆ ಅವರು ಕೇಳುತ್ತಿದ್ದುದು ಯಾರು ಮಾಡಿದರು ಎಂದಲ್ಲ; ನಮ್ಮ ಯಾವ ಕ್ರಮ ಇದನ್ನು ಒಳಗೆ ಬಿಟ್ಟಿತು, ಇದೇ ಸಂದಿಯಿಂದ ಇನ್ನೇನು ಒಳಗೆ ಬಂದಿರಬಹುದು ಎಂದು. ಅಷ್ಟು ಜನ, ಅಷ್ಟು ಸಮಯ, ವರ್ಷಕ್ಕೆ ಕೋಟ್ಯಂತರ ಡಾಲರ್ ಖರ್ಚು ಮಾಡುವ ಶಕ್ತಿ ಎಷ್ಟು ಜನಕ್ಕಿದೆ ಎಂಬುದು ಬೇರೆ ಮಾತು.

ಆ ಸಾಲಿನಲ್ಲಿ ಹ್ಯೂಸ್ಟನ್ನಿನ ಬೆನ್ನಿಗೇ ಬಂದದ್ದು ಬೆಂಗಳೂರು. ಮೊಟೊರೊಲಾ ಕಂಪನಿಯ ಇಲ್ಲಿನ ಘಟಕ 1990ರ ದಶಕದ ಮೊದಲರ್ಧದಲ್ಲೇ ಐದನೇ ಹಂತ ಮುಟ್ಟಿತು. 1999 ಮುಗಿಯುವ ಹೊತ್ತಿಗೆ ವಿಪ್ರೊ, ಇನ್ಫೋಸಿಸ್ ಎರಡೂ ಅಲ್ಲಿದ್ದವು. ಐಐಟಿ ಕಾನ್ಪುರದಿಂದ ಬಂದು ಇನ್ಫೋಸಿಸ್‌ನ ಕ್ವಾಲಿಟಿ ವಿಭಾಗ ನೋಡಿಕೊಂಡಿದ್ದ ಪಂಕಜ್ ಜಲೋಟೆ ಅಲ್ಲಿನ ಅನುಭವವನ್ನೇ ಪುಸ್ತಕ ಮಾಡಿದರು. ನಮ್ಮ ವಿಭಾಗದಲ್ಲಿ ಅದು ಕೈಯಿಂದ ಕೈಗೆ ತಿರುಗಿ ರಟ್ಟು ಕಿತ್ತುಹೋಗಿತ್ತು. ಕೆಲವೇ ವರ್ಷಗಳಲ್ಲಿ ಜಗತ್ತಿನ ಐದನೇ ಹಂತದ ಕಂಪನಿಗಳಲ್ಲಿ ದೊಡ್ಡ ಪಾಲು ಭಾರತದಲ್ಲೇ ಇತ್ತು. ಕಾರಣ ಸರಳ. ಒಹಾಯೋದ ವಿಮಾ ಕಂಪನಿಯವನು ಹೊಸೂರು ರಸ್ತೆಯನ್ನು ನೋಡಿದವನಲ್ಲ. 2000ನೇ ಇಸವಿಯ ದಿನಾಂಕದ ತೊಡಕು ಸರಿಪಡಿಸುವ ವೈ-ಟು-ಕೆ ಕೆಲಸವನ್ನು ಇವರಿಗೆ ಒಪ್ಪಿಸಬಹುದೇ ಎಂದು ತನ್ನ ಮೇಲಿನವರು ಕೇಳಿದರೆ ಅವನಿಗೊಂದು ಉತ್ತರ ಬೇಕಿತ್ತು. ಪಿಟ್ಸ್‌ಬರ್ಗಿನ ಮುದ್ರೆ ಆ ಉತ್ತರವಾಯಿತು. ಅಂದರೆ ಮನೆ ಸರಿಪಡಿಸಿಕೊಳ್ಳಲು ಹುಟ್ಟಿದ ಅಳತೆ ಮನೆ ಮಾರಲೂ ಬಂತು.

ಅದರಿಂದ ಒಳ್ಳೆಯದೇನೂ ಆಗಲಿಲ್ಲ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಕೋಡನ್ನು ಓಡಿಸುವ ಮುಂಚೆ ಇನ್ನೊಬ್ಬರು ಕೂತು ಓದಬೇಕು ಎಂಬ ಶಿಸ್ತು ನಮ್ಮಲ್ಲಿ ಬೇರೂರಿದ್ದು ಆಗಲೇ. ಆ ಪದ್ಧತಿಯನ್ನು ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ಬರೆದಿಟ್ಟಿದ್ದರು. ಆಡಿಟ್‌ನವರು ಎನ್‌ಸಿ (ನಿಯಮ ಪಾಲಿಸಿಲ್ಲ ಎಂಬ ಷರಾ) ಹಾಕುತ್ತಾರೆ ಎಂಬ ಭಯಕ್ಕಾದರೂ ಜನ ಅದನ್ನು ಮಾಡಿದರು. ಯಾರೋ ಆನ್‌ಸೈಟಿಗೆ ಹಾರಿದರೆ, ಯಾರೋ ಎದುರಿನ ಕಂಪನಿಗೆ ಜಿಗಿದರೆ ಕೆಲಸ ನಿಲ್ಲದಂತಾಯಿತು. ಜೊತೆಗೆ ನಾಟಕವೂ ಬಂತು. ಅಸೆಸರ್ ಬರುವ ಹಿಂದಿನ ವಾರ ಕಾನ್ಫರೆನ್ಸ್ ರೂಮಿನಲ್ಲಿ ಕೂತು, ಆರು ತಿಂಗಳ ಹಿಂದೆ ನಡೆಯದೇ ಹೋದ ರಿವ್ಯೂಗಳ ನಡಾವಳಿ ಬರೆಯುವುದು; ಪೆನ್ನಿನ ಶಾಯಿ ಒಂದೇ ಥರ ಕಾಣಬಾರದೆಂದು ನೀಲಿ, ಕಪ್ಪು ಬದಲಿಸುವುದು. ಇದನ್ನು ಮಾಡಿದವರನ್ನು ಕಂಡಿದ್ದೇನೆ, ಜಾಗದ ಹೆಸರು ಬೇಡ.

ಹಂಫ್ರಿ ಅವರ ಮುಂದಿನ ಹೆಜ್ಜೆ ಬೆಂಗಳೂರಿನ ಹೋರ್ಡಿಂಗುಗಳ ಮೇಲೆ ಬರಲಿಲ್ಲ. ಕಂಪನಿಗಳನ್ನು ಅಳೆಯುವ ಚೌಕಟ್ಟು ಕಟ್ಟಿದ ಆ ಮನುಷ್ಯ, ಇದು ಒಬ್ಬೊಬ್ಬ ಪ್ರೋಗ್ರಾಮರಿನ ಮೇಜಿನವರೆಗೆ ಬರದೆ ಪ್ರಯೋಜನವಿಲ್ಲ ಎಂದುಕೊಂಡು ತಾವೇ ಕೂತು ಸಣ್ಣ ಸಣ್ಣ ಪ್ರೋಗ್ರಾಂ ಬರೆಯತೊಡಗಿದರು. ಪ್ರತಿಯೊಂದಕ್ಕೂ ಹಿಡಿದ ಸಮಯ, ಮಾಡಿದ ತಪ್ಪು, ಅದು ಸಿಕ್ಕ ಘಟ್ಟ ಎಲ್ಲ ಬರೆದಿಟ್ಟರು. 1995ರಲ್ಲಿ ಅದು ಪಿಎಸ್‌ಪಿ ಎಂಬ ಪದ್ಧತಿಯಾಗಿ ಪುಸ್ತಕವಾಯಿತು. ಅವರ ತರಗತಿಗಳ ಲೆಕ್ಕದಿಂದ ಹೊರಟ ಒಂದು ಸಂಗತಿ ಅನುಭವಸ್ಥರಿಗೂ ಮುಜುಗರ ತರುವಂಥದ್ದು: ಪಳಗಿದ ಎಂಜಿನಿಯರ್ ಕೂಡ ಸುಮಾರು ಹತ್ತು ಸಾಲಿಗೊಂದು ತಪ್ಪು ಮಾಡುತ್ತಾನೆ. ಹೆಚ್ಚಿನವನ್ನು ಆಮೇಲೆ ತಾನೇ ಹಿಡಿಯುತ್ತಾನೆ, ಆ ಮಾತು ಬೇರೆ. ಪಿಎಸ್‌ಪಿಯ ಮುಖ್ಯ ಕಟ್ಟಳೆ ಏನೆಂದರೆ, ಈ ಲೆಕ್ಕದ ಪುಸ್ತಕ ಅದನ್ನು ಬರೆದವನದೇ. ಮ್ಯಾನೇಜರ್ ಕೇಳುವಂತಿಲ್ಲ, ಅಪ್ರೈಸಲಿಗೆ ತರುವಂತಿಲ್ಲ. ಫೇಗನ್ ಕೂಡ ರಿವ್ಯೂನಲ್ಲಿ ಸಿಕ್ಕ ತಪ್ಪುಗಳನ್ನು ಯಾರ ಅರ್ಹತೆ ಅಳೆಯಲೂ ಬಳಸಕೂಡದೆಂದು ತಮ್ಮ ಮೊದಲ ಲೇಖನದಲ್ಲೇ ಎಚ್ಚರಿಸಿದ್ದರು.

ನಮ್ಮ ಒಂದು ತಂಡ ಪಿಎಸ್‌ಪಿಯನ್ನು ಮನಸ್ಸಿಟ್ಟು ಮಾಡಿತು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು ಬರೆಯುತ್ತಿದ್ದರು. ಶಿರಸಿ ಕಡೆಯ ಒಬ್ಬ ಹುಡುಗ ತನ್ನ ಪುಸ್ತಕವನ್ನು ತಾನಾಗಿಯೇ ತಂದು ತೋರಿಸಿದ: “ನೋಡಿ ಮೇಡಂ, ಹೊಸದಾಗಿ ಬರೆಯೋವಾಗ ನನ್ನ ತಪ್ಪು ಕಮ್ಮಿ. ಇನ್ನೊಂದು ಬಗ್ ರಿಪೇರಿ ಮಾಡೋಕೆ ಹೋದಾಗಲೇ ಜಾಸ್ತಿ.” ಹೌದು, ಅವನ ತಪ್ಪುಗಳಲ್ಲಿ ಅರ್ಧದಷ್ಟು ಹಳೆಯ ತಪ್ಪನ್ನು ತಿದ್ದುವ ಭರದಲ್ಲಿ ಹುಟ್ಟಿದ್ದವು. ಅಂದಿನಿಂದ ಅವನು ಹೊಸ ಕೋಡಿಗಿಂತ ರಿಪೇರಿ ಕೋಡನ್ನು ಬೇರೆಯವರಿಂದ ಹೆಚ್ಚು ಎಚ್ಚರದಿಂದ ಓದಿಸತೊಡಗಿದ. ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ವರ್ಷದಲ್ಲಿ ಒಂದು ಅಂಕಿ ಒಬ್ಬ ಮನುಷ್ಯನ ಕೆಲಸದ ರೀತಿಯನ್ನು ಕಣ್ಣೆದುರೇ ಬದಲಿಸಿದ್ದನ್ನು ಅಷ್ಟು ಸ್ಪಷ್ಟವಾಗಿ ನಾನು ಮತ್ತೆಲ್ಲೂ ಕಂಡಿಲ್ಲ.

ಆ ತಂಡದ ಫಲಿತಾಂಶ ಚೆನ್ನಾಗಿ ಬಂತು. ಅದೇ ಎಡವಟ್ಟಾಯಿತು. ಮೇಲಿನವರಿಗೆ ಖುಷಿಯಾಗಿ, ಎಲ್ಲರ ನೋಟ್‌ಬುಕ್ಕಿನ ಅಂಕಿಗಳನ್ನೂ ಒಂದು ಎಕ್ಸೆಲ್ ಶೀಟಿಗೆ ತುಂಬಿ ತಿಂಗಳಿಗೊಮ್ಮೆ ಕಳಿಸಿ ಎಂದರು. ಮುಂದಿನ ತ್ರೈಮಾಸಿಕದ ಶೀಟು ನೋಡಿದೆ. ಸಮಯವೆಲ್ಲ 15, 30, 45 ನಿಮಿಷ. ಮೊದಲು 7 ನಿಮಿಷ, 22 ನಿಮಿಷ ಅಂತೆಲ್ಲ ಇದ್ದದ್ದು ಮಾಯ. ತಪ್ಪುಗಳು ಯಾರದೂ ಹೆಚ್ಚಿಲ್ಲ, ಯಾರದೂ ತೀರ ಕಡಿಮೆಯಿಲ್ಲ. ಶಿರಸಿಯ ಹುಡುಗನ ರಿಪೇರಿ ತಪ್ಪುಗಳು ಪೂರ್ತಿ ನಿಂತುಹೋಗಿದ್ದವು. ಏನಪ್ಪಾ ಅಂದರೆ ನಕ್ಕ. ಅಸಲಿ ಪುಸ್ತಕ ಮನೆಯಲ್ಲಿತ್ತಂತೆ.

ಅಳೆಯಲಾಗದ್ದನ್ನು ಹತೋಟಿಯಲ್ಲಿಡಲಾಗದು ಎಂದು 1982ರಲ್ಲಿ ಬರೆದು, ನಮ್ಮ ಇಡೀ ಪೀಳಿಗೆಗೆ ಮಂತ್ರ ಕೊಟ್ಟವರು ಟಾಮ್ ಡಿಮಾರ್ಕೊ. 2009ರಲ್ಲಿ ಅವರೇ ಒಂದು ಲೇಖನ ಬರೆದು, ಆ ಮಾತನ್ನು ತಾನೀಗ ಅಷ್ಟು ಗಟ್ಟಿಯಾಗಿ ಹೇಳಲಾರೆ, ಹತೋಟಿಯೇ ಅಷ್ಟು ಮುಖ್ಯ ಅನ್ನಿಸುತ್ತಿಲ್ಲ ಎಂದರು. ಮಂತ್ರ ಸ್ಲೈಡುಗಳಲ್ಲಿ ಉಳಿಯಿತು. ತಿದ್ದುಪಡಿ ಸ್ಲೈಡಿಗೆ ಬರಲಿಲ್ಲ.

ಅದಕ್ಕೂ ಹಿಂದಿನ ವರ್ಷ, 2008ರಲ್ಲಿ, ಮೈಕ್ರೋಸಾಫ್ಟಿನ ನಾಚಿಯಪ್ಪನ್ ನಾಗಪ್ಪನ್ ಮತ್ತು ಸಂಗಡಿಗರು ವಿಂಡೋಸ್ ವಿಸ್ಟಾವನ್ನು ಹಿಡಿದು ಒಂದು ಕುತೂಹಲದ ಅಧ್ಯಯನ ಪ್ರಕಟಿಸಿದರು. ಯಾವ ಭಾಗ ಕೆಡುತ್ತದೆ ಎಂದು ಮುಂಚೆಯೇ ಹೇಳಲು ಕೋಡಿನ ಸಿಕ್ಕು, ಕವರೇಜ್, ಮೊದಲಾದ ಅಳತೆಗಳನ್ನು ಒಂದು ಕಡೆ ಇಟ್ಟರು. ಇನ್ನೊಂದು ಕಡೆ ಕೋಡನ್ನು ನೋಡದೆ ಜನರನ್ನಷ್ಟೇ ಎಣಿಸಿದರು: ಆ ಭಾಗವನ್ನು ಎಷ್ಟು ಜನ ಮುಟ್ಟಿದ್ದಾರೆ, ಮುಟ್ಟಿದವರಲ್ಲಿ ಎಷ್ಟು ಜನ ಕಂಪನಿ ಬಿಟ್ಟಿದ್ದಾರೆ, ಅವರೆಲ್ಲ ಒಂದೇ ಮುಖ್ಯಸ್ಥರ ಕೆಳಗಿದ್ದರೋ ಚದುರಿದ್ದರೋ. ಈ ಎರಡನೆಯ ಲೆಕ್ಕವೇ ಹೆಚ್ಚು ಸರಿಯಾಗಿ ಹೇಳಿತು. ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸಬೇಕಿಲ್ಲ. ವರ್ಷಕ್ಕೆ ನಾಲ್ಕರಲ್ಲಿ ಒಬ್ಬರು ಬಿಟ್ಟುಹೋಗುವ ತಂಡದಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಈಗಿನ ತಂಡಗಳಲ್ಲಿ ಓಡಾಡುವ ಅಳತೆಗಳು ನಾಲ್ಕು. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಜೊತೆಗಾರರ 2018ರ ಪುಸ್ತಕದಿಂದ ಅವು ಮನೆಮಾತಾದವು: ಎಷ್ಟು ಸಲ ಹೊಸ ಆವೃತ್ತಿ ಬಿಡುತ್ತೀರಿ, ಬರೆದ ಬದಲಾವಣೆ ಬಳಕೆದಾರರಿಗೆ ತಲುಪಲು ಎಷ್ಟು ಹೊತ್ತು, ಬಿಟ್ಟದ್ದರಲ್ಲಿ ಎಷ್ಟು ಕೆಡುತ್ತದೆ, ಕೆಟ್ಟರೆ ಎಷ್ಟು ಬೇಗ ಸರಿಮಾಡುತ್ತೀರಿ. ಇವು ನನಗೆ ಹಿಡಿಸಿದವು, ಯಾಕೆಂದರೆ ಇವು ತಂಡದ ಅಂಕಿಗಳು. ಒಬ್ಬನ ತಲೆಗೆ ಕಟ್ಟಲು ಬರುವುದಿಲ್ಲ. ಕಟ್ಟಲು ನೋಡುವವರು ಇಲ್ಲವೆಂದಲ್ಲ.

ನಾನೀಗ ಯಾವ ದೊಡ್ಡ ಕಂಪನಿಯಲ್ಲೂ ಇಲ್ಲ. ಮೈಸೂರಿನಲ್ಲಿ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿಗೆ ಆಗಾಗ ಹೋಗಿ ಬರುತ್ತೇನೆ. ಅದರ ಮಾಲೀಕರು ಉತ್ಸಾಹಿ. ಗೋಡೆಗೆ ದೊಡ್ಡ ಟಿವಿ ಹಾಕಿ, ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಬಗ್ ಸಂಖ್ಯೆ ಓಡುತ್ತಿರಬೇಕು ಎಂಬುದು ಅವರ ಆಸೆ. ಟಿವಿ ಹಾಕಿ, ಹೆಸರು ಬೇಡ, ಸಾಫ್ಟ್‌ವೇರಿನ ಭಾಗಗಳ ಹೆಸರು ಹಾಕಿ ಎಂದೆ.

“ಹೆಸರೇ ಇಲ್ದಿದ್ರೆ ನನಗೇನು ಗೊತ್ತಾಗತ್ತೆ ಮೇಡಂ?”

ಗೊತ್ತಾದದ್ದು ಹೀಗೆ. ಬಗ್‌ಗಳಲ್ಲಿ ಹೆಚ್ಚಿನವು ಒಂದೇ ಭಾಗದಲ್ಲಿ ಗುಡ್ಡೆಬಿದ್ದಿದ್ದವು: ಅವಧಿಗೆ ಮುಂಚೆ ಠೇವಣಿ ಮುರಿದರೆ ಬಡ್ಡಿ ಹಾಕುವ ಕಡೆ. ಒಂದೊಂದು ಸಂಘಕ್ಕೆ ಒಂದೊಂದು ನಿಯಮ. ಅದನ್ನೆಲ್ಲ ಬಲ್ಲವನು ಒಬ್ಬನೇ ಇದ್ದ, ಬೆಂಗಳೂರಿಗೆ ಹೋಗಿ ವರ್ಷವಾಗಿತ್ತು. ಉಳಿದವರು ಅವನ ಕೋಡನ್ನು ಓದಿ ನಿಯಮ ಊಹಿಸುತ್ತಿದ್ದರು. ಹೆಸರು ಹಾಕಿದ್ದರೆ ಪರದೆಯ ಮೇಲೆ ಬರುತ್ತಿದ್ದದ್ದು ಈಗ ಅಲ್ಲಿ ರಿಪೇರಿಗೆ ಕೂತ ಹುಡುಗಿಯ ಹೆಸರು. ಒಂದು ಸಂಘದ ಕಾರ್ಯದರ್ಶಿಯವರನ್ನು ಕರೆಸಿ, ಕಾಫಿ ಕೊಟ್ಟು, ನಿಯಮಗಳನ್ನು ಬಾಯಿಬಿಡಿಸಿ ಬರೆದುಕೊಂಡೆವು. ಇಬ್ಬರು ಬೇರೆ ಬೇರೆ ಕೂತು ಆ ಕೋಡನ್ನು ಓದಿದರು. ಸಮಾನ ತಪ್ಪುಗಳನ್ನು ಹಿಡಿದು ಎಷ್ಟು ಉಳಿದಿರಬಹುದೆಂದು ಅಂದಾಜು ಹಾಕಿದೆವು. ಆ ಕೆಲಸ ಇನ್ನೂ ನಡೆಯುತ್ತಿದೆ.

ಹೆಸರಿನ ಕಾಲಂ ವಿಷಯವನ್ನು ಮಾಲೀಕರು ಬಿಟ್ಟಿಲ್ಲ. ಎಲ್ಲರಿಗೂ ಕಾಣಿಸುವುದು ಬೇಡ, ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಲಿ ಎಂಬಲ್ಲಿಗೆ ಇಳಿದಿದ್ದಾರೆ. ಬೇಡ ಎಂದಿದ್ದೇನೆ. ಮುಂದಿನ ತಿಂಗಳು ಹೋದಾಗ ಮತ್ತೆ ಕೇಳುತ್ತಾರೆ.